ಗಾಲ್ಫ್‌ನಲ್ಲಿ ಪಟ್ ಹೊಡೆಯುವ ಮೊದಲು ಮಗಳು ನನ್ನ ಮುಖ ನೋಡ್ತಾಳೆ. ಎಂತ ಮಾಡುದು?

ಕದ್ರಿ ಅಪ್ಪ:
ಮಗಳಿಗೆ 11 ವರ್ಷ. ಮಂಗಳೂರಿನ ಪಿಲಿಕುಳದಲ್ಲಿ ಗಾಲ್ಫ್ ಕಲಿತಾ ಇದ್ದಾಳೆ. ವಾರಕ್ಕೆ ಆರು ದಿನ, ಒಟ್ಟು 16 ಗಂಟೆಯ ಹತ್ತಿರ ಪ್ರ್ಯಾಕ್ಟೀಸ್. ಇಲ್ಲಿ ಚೆಂದ ಆಡ್ತಾಳೆ. ಬೆಂಗಳೂರಿಗೆ ಟೂರ್ನಿಗೆ ಹೋದರೆ ಹತ್ತು ಹನ್ನೆರಡು ಸ್ಟ್ರೋಕ್ (ಹೊಡೆತ, ಕಡಿಮೆ ಇದ್ದಷ್ಟು ಒಳ್ಳೆಯದು) ಜಾಸ್ತಿ ಆಗ್ತದೆ, 14ನೇ ಹೋಲ್ ದಾಟಿದ ಮೇಲಂತೂ ಪೂರ್ತಿ ಕುಸಿತ. ಚಿಕ್ಕ ಪಟ್ (ಬಾಲನ್ನು ಕುಳಿಗೆ ಉರುಳಿಸುವ ಹೊಡೆತ) ಇದ್ದರೂ ಮೊದಲು ಗ್ರೀನ್‌ನ (ಕುಳಿಯ ಸುತ್ತಲಿನ ನುಣುಪು ಹುಲ್ಲು) ಆಚೆ ನಿಂತ ನನ್ನ ಮುಖ ನೋಡ್ತಾಳೆ, ಆಮೇಲೆ ಹೊಡೆಯುದು. ಟೂರ್ನಿಯ ಹಿಂದಿನ ರಾತ್ರಿ ಹೊಟ್ಟೆನೋವು. ಕಳೆದ ಸಲ ಒಂದು ಹೋಲ್‌ನಲ್ಲಿ 7 ಹೊಡೆದು 6 ಅಂತ ಹೇಳಿದಳು, ಮಾರ್ಕರ್ (ಅವಳ ಸ್ಕೋರ್ ಬರೆಯುವವಳು) ಆಗಿದ್ದ ಹುಡುಗಿ ಸರಿ ಮಾಡಿಸಿದಳು. ಪ್ರತಿಭೆ ಉಂಟು, ಗಂಟೆ ಜಾಸ್ತಿ ಮಾಡಿ ಅಂತ ಕೆಲವರು ಹೇಳ್ತಾರೆ. ತಿಳಿದವರು ದಾರಿ ಹೇಳಿ.

ಸ್ಕೋರ್‌ಕಾರ್ಡ್:
ಮೊದಲು ಆ 7 ಮತ್ತು 6ರ ವಿಷಯ. ಅದನ್ನು ಮೋಸ ಅಂತ ಬೈಯಬೇಡಿ, ಹಾಗಂತ ಸುಮ್ಮನೆ ಬಿಡಲೂಬೇಡಿ. ಗಾಲ್ಫ್‌ನಲ್ಲಿ ಹೊಡೆದದ್ದಕ್ಕಿಂತ ಕಡಿಮೆ ಸ್ಕೋರ್ ಬರೆದ ಕಾರ್ಡ್ ಕೊಟ್ಟರೆ ಡಿಸ್‌ಕ್ವಾಲಿಫೈ. ಜಾಸ್ತಿ ಬರೆದಿದ್ದರೆ ಆ ಜಾಸ್ತಿಯೇ ನಿಲ್ತದೆ. ಬೇಕಂತ ಕಡಿಮೆ ಹೇಳುವ ಮಕ್ಕಳಲ್ಲಿ ಹೆಚ್ಚಿನವರು ಗೆಲ್ಲಲಿಕ್ಕೆ ಹೇಳುದಲ್ಲ, ಆ ಅಂಕಿಯನ್ನು ಮನೆಯವರಿಗೆ ಹೇಗೆ ಹೇಳುದು ಎಂಬ ಹೆದರಿಕೆಯಿಂದ ಹೇಳುದು. ಹತ್ತು ಮಣಿಯ ಕೌಂಟರ್ ಒಂದನ್ನು ಬ್ಯಾಗಿಗೆ ಕಟ್ಟಿ ಕೊಡಿ. ಹೊಡೆತಕ್ಕೊಂದು ಮಣಿ ಎಳೆಯಬೇಕು, ಪೆನಾಲ್ಟಿಗೂ ಎಳೆಯಬೇಕು. ಮುಂದಿನ ಟೀಗೆ (ಹೋಲ್ ಶುರುವಾಗುವ ಜಾಗ) ಹೋಗುವಾಗ ಟೀಯಿಂದ ಕಪ್‌ವರೆಗಿನ ಹೊಡೆತಗಳನ್ನು ಒಂದೊಂದಾಗಿ ಹೇಳಿ ಮಾರ್ಕರ್ ಜೊತೆ ತಾಳೆ ನೋಡಲಿ. ಅಲ್ಲಿಗೆ ಅಂಕಿ ಅವಳದ್ದಾಯಿತು. ರೌಂಡ್ ಮುಗಿದ ಮೇಲೆ "ಎಷ್ಟಾಯ್ತು?" ಅಂತ ನೀವು ಕೇಳಲೇಬೇಡಿ. ಹೇಳಬೇಕೆನಿಸಿದರೆ ಅವಳೇ ಹೇಳ್ತಾಳೆ.

ಮುಖ ನೋಡುದಕ್ಕೆ ಮದ್ದು ಸುಲಭ: ಮುಖ ಅಲ್ಲಿರಬಾರದು. ನೂರು ಗಜ ಹಿಂದೆ, ಇಲ್ಲವೇ ಮರದ ಆಚೆ ನಡೆಯಿರಿ. ಅಪ್ಪಂದಿರು ಮಾತಾಡದೆ ಇದ್ದರೂ ತಲೆಗೆ ಕೈ ಇಟ್ಟುಕೊಳ್ತಾರೆ, ಟೊಪ್ಪಿ ತೆಗೀತಾರೆ, ಬೆನ್ನು ತಿರುಗಿಸ್ತಾರೆ. ಮೂರಡಿ ಪಟ್ ಮುಂದೆ ನಿಂತ ಮಗುವಿಗೆ ಅದೆಲ್ಲ ಕೂಗಿ ಹೇಳಿದ ಹಾಗೆಯೇ ಕೇಳ್ತದೆ. ನಿಯಮವೂ ಉಂಟು. ಕ್ಯಾಡಿಯನ್ನು (ಬ್ಯಾಗ್ ಹೊರುವ ಸಹಾಯಕ) ಬಿಟ್ಟು ಬೇರೆಯವರ ಹತ್ತಿರ ಸಲಹೆ ಕೇಳಿದರೆ ಸ್ಟ್ರೋಕ್ ಪ್ಲೇಯಲ್ಲಿ (ಒಟ್ಟು ಹೊಡೆತ ಎಣಿಸುವ ಆಟ) ಎರಡು ಸ್ಟ್ರೋಕ್ ಪೆನಾಲ್ಟಿ, ಯಾವ ಕ್ಲಬ್ (ಹೊಡೆಯುವ ಕೋಲು) ಅಂತ ಕೈಸನ್ನೆ ಮಾಡಿದರೂ ಅದು ಸಲಹೆಯೇ. ಹೊರಗಿನವರು ಕೇಳದೆಯೇ ಪದೇಪದೇ ಹೇಳಿಕೊಡ್ತಾ ಇದ್ದರೆ ಆಟಗಾರ್ತಿ ತಡೆಯಲಿಕ್ಕೆ ನೋಡಬೇಕು, ಇಲ್ಲದಿದ್ದರೆ ಕೇಳಿದ ಹಾಗೆಯೇ ಲೆಕ್ಕ. ಅಪ್ಪನನ್ನು ತಡೆಯುವ ಕೆಲಸ 11ರ ಮಗುವಿನ ತಲೆಗೆ ಕಟ್ಟಬಾರದು.

ಎರಡು ಲೆಕ್ಕ ನೆನಪಿರಲಿ. ಅಮೆರಿಕದ ಪಿಜಿಎ ಟೂರ್‌ನ ವೃತ್ತಿಪರರೇ 8 ಅಡಿಯ ಪಟ್‌ಗಳಲ್ಲಿ ಹೆಚ್ಚುಕಡಿಮೆ ಅರ್ಧವನ್ನು ಮಿಸ್ ಮಾಡ್ತಾರೆ. 2020ರಲ್ಲಿ ಬಂದ ವಿಶ್ವ ಹ್ಯಾಂಡಿಕ್ಯಾಪ್ (ಆಟಗಾರರ ಮಟ್ಟ ಅಳೆಯುವ ಅಂಕಿ) ಪದ್ಧತಿ ಕೊನೆಯ 20 ರೌಂಡ್‌ಗಳಲ್ಲಿ ಒಳ್ಳೆಯ 8ರ ಸರಾಸರಿ ಮಾತ್ರ ಹಿಡಿಯುತ್ತದೆ. ಉಳಿದ 12 ರೌಂಡ್ ಲೆಕ್ಕಕ್ಕೇ ಇಲ್ಲ. ಹ್ಯಾಂಡಿಕ್ಯಾಪ್ ಪದ್ಧತಿಯೇ ಮರೆತ ರೌಂಡನ್ನು ಮನೆಯಲ್ಲಿ ಯಾಕೆ ನೆನಪಿಡಬೇಕು?

ಇನ್ನು ಕಾರು. ಬೆಂಗಳೂರಿನಿಂದ ಮಂಗಳೂರಿಗೆ ಸುಮಾರು 350 ಕಿ.ಮೀ., ಏಳೆಂಟು ಗಂಟೆ. ಶಿರಾಡಿ ಘಾಟಿ ಇಳಿದು ಮುಗಿಯುವವರೆಗೆ ಎದ್ದು ಹೋಗಲಿಕ್ಕೆ ಮಗುವಿಗೆ ಜಾಗವೇ ಇಲ್ಲ. ಆ ಕಾರಿನಲ್ಲಿ ಗಾಲ್ಫ್ ಮಾತು ಬೇಡ. ತಾಂತ್ರಿಕ ವಿಷಯ ಇದ್ದರೆ ಎರಡು ದಿನ ಕಳೆದು ಕೋಚ್ ಹೇಳಲಿ.

ಮಣಿಪಾಲ ಫಿಸಿಯೋ:
ಗಂಟೆ ಜಾಸ್ತಿ ಮಾಡಬೇಡಿ, ಕಡಿಮೆ ಮಾಡಿ. ಸಾಮಾನ್ಯವಾಗಿ ಪಾಲಿಸುವ ಅಳತೆ ಇದು: ಮಗುವಿನ ವಯಸ್ಸು ಎಷ್ಟೋ, ವಾರಕ್ಕೆ ಅದಕ್ಕಿಂತ ಹೆಚ್ಚು ಗಂಟೆ ಒಂದೇ ಆಟದ ತರಬೇತಿ ಬೇಡ. 11ಕ್ಕೆ 16 ತೀರಾ ಹೆಚ್ಚಾಯಿತು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲಿ ಹೇಳಿದ್ದೂ ಹೀಗೆಯೇ: ವಾರಕ್ಕೆ ಒಂದೆರಡು ದಿನ ಬಿಡುವು, ವರ್ಷಕ್ಕೆ ಒಟ್ಟು ಮೂರು ತಿಂಗಳು ಆ ಆಟದಿಂದ ದೂರ, ಒಂದೊಂದು ತಿಂಗಳ ಕಂತಿನಲ್ಲಾದರೂ ಸರಿ. ನಮ್ಮ ಊರಿನಲ್ಲಿ ಜೂನ್, ಜುಲೈ ಮಳೆಯೇ ಎರಡು ಕಂತು ಕೊಡ್ತದೆ. ಆ ಎರಡು ತಿಂಗಳು ಒಳಾಂಗಣ ಮ್ಯಾಟ್ ಮೇಲೆ ಡ್ರೈವರ್ (ಅತಿ ದೂರ ಹೊಡೆಯುವ ಕ್ಲಬ್) ಹೊಡೆಸುವ ಬದಲು ಈಜು, ಶಟಲ್, ಏನಾದರೂ ಆಡಲಿ.

ಹುಡುಗಿಯರು ವೇಗವಾಗಿ ಉದ್ದ ಆಗುದು ಹೆಚ್ಚಾಗಿ 11-12ರ ಆಸುಪಾಸಿನಲ್ಲಿ. ಗೋಡೆಯಲ್ಲಿ ಗೀಟು ಹಾಕಿ ತಿಂಗಳಿಗೊಮ್ಮೆ ಎತ್ತರ ಬರೆದಿಡಿ. ಗೀಟು ಸರಸರ ಮೇಲೆ ಹೋಗುವ ತಿಂಗಳುಗಳಲ್ಲಿ ಸ್ವಿಂಗ್ ಹದ ತಪ್ಪುದು ಸಹಜ, ಕೈಕಾಲಿನ ಅಳತೆಯೇ ಬದಲಾಗಿರ್ತದೆ. ಅದನ್ನು ಗಮನ ಕೊಡ್ತಾ ಇಲ್ಲ ಅಂತ ತಿಳಿದು ಇನ್ನೂ 200 ಬಾಲ್ ಹೊಡೆಸಿದರೆ ಸೊಂಟಕ್ಕೆ ಪೆಟ್ಟು. ಬೆನ್ನು ಹಿಂದಕ್ಕೆ ಬಾಗಿಸಿದಾಗ, ತಿರುಗಿಸಿದಾಗ ನೋವು ಬಂದು ಎರಡು ವಾರ ದಾಟಿದರೆ ಮೂಳೆ ವೈದ್ಯರಿಗೆ ತೋರಿಸಿ. ಬೆನ್ನುಮೂಳೆಯ ಕೆಳಭಾಗದಲ್ಲಿ ಸ್ಟ್ರೆಸ್ ಫ್ರ್ಯಾಕ್ಚರ್ ಆಗಿರಬಹುದು, ಬಾಮ್ ಹಚ್ಚಿ ದಿನ ದೂಡುವ ನೋವಲ್ಲ. ದೊಡ್ಡವರ ಕ್ಲಬ್ ಕತ್ತರಿಸಿ ಕೊಟ್ಟಿದ್ದರೆ ಬದಲಿಸಿ. ಶಾಫ್ಟ್ (ಕ್ಲಬ್‌ನ ದಂಡ) ಕತ್ತರಿಸಿದಷ್ಟೂ ಗಡುಸಾಗ್ತದೆ, ಕ್ಲಬ್‌ನ ತಲೆ ಭಾರ ಹಾಗೆಯೇ ಉಳೀತದೆ, ಮಗು ಸೊಂಟ ತಿರುಚಿ ಎತ್ತುತ್ತದೆ. ದೂರದ ಹುಚ್ಚೂ ಬೇಡ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಡ್ರೈವ್ ದೂರದಲ್ಲಿ ಹಿಂದಿದ್ದೂ ಪಟ್ಟರ್ ಬಲದಿಂದ 4ನೇ ಸ್ಥಾನಕ್ಕೆ ಬಂದರು.

ಹೊಟ್ಟೆನೋವು ಟೂರ್ನಿಯ ಹಿಂದಿನ ರಾತ್ರಿ ಮಾತ್ರವಾದರೆ ಹೆಚ್ಚಾಗಿ ಆತಂಕದ್ದೇ. ಆದರೂ ಮಕ್ಕಳ ವೈದ್ಯರಿಗೆ ಒಮ್ಮೆ ತೋರಿಸಿ. ನಿದ್ದೆ ಕೆಟ್ಟರೆ, ಊಟ ಬಿಟ್ಟರೆ, ಶಾಲೆಯೂ ಬೇಡ ಅನ್ನಲಿಕ್ಕೆ ಶುರು ಮಾಡಿದರೆ ಮಕ್ಕಳ ಮನಃಶಾಸ್ತ್ರಜ್ಞರ ಹತ್ತಿರ ಹೋಗಲಿಕ್ಕೆ ತಡ ಮಾಡಬೇಡಿ.

ಬ್ಯಾಕ್ ನೈನ್:
14ನೇ ಹೋಲ್‌ನ ಕುಸಿತವನ್ನು ಮನಸ್ಸಿನ ಖಾತೆಗೆ ಹಾಕುವ ಮೊದಲು ಬ್ಯಾಗ್ ಬಿಚ್ಚಿ ನೋಡಿ. ನೀರಿನ ಬಾಟ್ಲಿ ಅರ್ಧ ಹಾಗೆಯೇ ಉಂಟಾ? ಡಬ್ಬಿ ಮುಚ್ಚಿದ ಹಾಗೆಯೇ ಉಂಟಾ? 18 ಹೋಲ್ ಅಂದರೆ ನಾಲ್ಕೂವರೆ ಗಂಟೆ ಬಿಸಿಲು. ಬಾಯಾರಿಕೆಗೆ ಕಾಯದೆ ಪ್ರತಿ ಟೀಯಲ್ಲಿ ಎರಡು ಮೂರು ಗುಟುಕು ನೀರು ಬೇಕು. 5, 10, 14ನೇ ಹೋಲ್‌ಗಳಲ್ಲಿ ಅರ್ಧ ಬಾಳೆಹಣ್ಣೋ ಒಂದು ತುಂಡು ಚಿಕ್ಕಿಯೋ ತಿನ್ನಲಿ. ಹಸಿದ ಮಗುವಿನ ಕಾಲು ಮೊದಲು ಸೋಲ್ತದೆ, ಬಾಲ್ ಬಲಕ್ಕೆ ಹೋಗ್ತದೆ, ಅಳು ಬರುದು ಆಮೇಲೆ.

ಊರಿನಲ್ಲಿ ಚೆಂದ, ಟೂರ್ನಿಯಲ್ಲಿ ಹಾಳು ಎಂಬುದಕ್ಕೆ ಪ್ರ್ಯಾಕ್ಟೀಸ್‌ನ ಕ್ರಮವೂ ಕಾರಣ. ಒಂದೇ 7 ಐರನ್‌ನಲ್ಲಿ (ಮಧ್ಯಮ ದೂರದ ಕ್ಲಬ್) 60 ಬಾಲ್ ಹೊಡೆದರೆ ಕೊನೆಯ 40 ಚೆಂದವೇ ಹೋಗ್ತದೆ. ಕೋರ್ಸ್‌ನಲ್ಲಿ ಎರಡನೇ ಅವಕಾಶ ಎಲ್ಲುಂಟು? 30 ಬಾಲ್ ಸಾಕು, ಪ್ರತಿ ಬಾಲಿಗೆ ಕ್ಲಬ್ಬೂ ಗುರಿಯೂ ಬದಲಾಗಬೇಕು. ಹಿಂದೆ ನಿಂತು ಗುರಿ ನೋಡಿ, ಒಂದು ಉಸಿರು ಬಿಟ್ಟು, ಆಮೇಲೆ ಹೊಡೆಯಲಿ. ಉಳಿದ ಸಮಯ ಪೂರ್ತಿ ಚಿಪ್ಪಿಂಗ್ (ಗ್ರೀನ್ ಹತ್ತಿರದ ಸಣ್ಣ ಹೊಡೆತ), ಪಟ್ಟಿಂಗ್.

ಕದ್ರಿ ಅಪ್ಪ:
ಬ್ಯಾಗ್ ನೋಡಿದೆ, ಬಾಟ್ಲಿ ಮುಕ್ಕಾಲು ತುಂಬಿಯೇ ಇತ್ತು. ಒಂದು ಸಂಶಯ: ಎರಡು ತಿಂಗಳು ಬಿಟ್ಟರೆ ಕಲಿತದ್ದು ಮರೆತು ಹೋಗುದಿಲ್ಲವಾ?

ಮಣಿಪಾಲ ಫಿಸಿಯೋ:
ಮರೆಯುದಿಲ್ಲ, ಲಯ ಮಾತ್ರ ಸ್ವಲ್ಪ ಹೋಗ್ತದೆ. ವಾಪಸು ಬರುವಾಗ ಅವಸರ ಮಾಡಿದರೆ ಪೆಟ್ಟು. ಮೊದಲ ವಾರ ಪಟ್ ಮತ್ತು ಚಿಪ್ ಮಾತ್ರ. ಎರಡನೇ ವಾರ ಅರ್ಧ ಸ್ವಿಂಗ್ ವೆಡ್ಜ್ (ಹತ್ತಿರದ ಹೊಡೆತದ ಕ್ಲಬ್), ದಿನಕ್ಕೆ 30 ಬಾಲ್. ಮೂರನೇ ವಾರ 7 ಐರನ್, 40 ಬಾಲ್, ದಿನ ಬಿಟ್ಟು ದಿನ. ಡ್ರೈವರ್ ನಾಲ್ಕನೇ ವಾರಕ್ಕೆ, ಮೊದಲ ದಿನ ಹತ್ತೇ ಬಾಲ್. ಮರುದಿನ ಬೆಳಿಗ್ಗೆ ಬಗ್ಗಿ ಶೂ ಲೇಸ್ ಕಟ್ಟುವಾಗ ನೋವಿದೆಯಾ ಅಂತ ಕೇಳಿ, ಇದ್ದರೆ ಮೂರನೇ ವಾರಕ್ಕೆ ಹಿಂದೆ ಹೋಗಿ.