ಸಹಾಯ ಬೇಕು: ಎಲ್‌ಪಿಎಸ್‌ಗೆ ಜಗ್ಗದ ಇಲಿ ಸಾಲ್ಮೊನೆಲ್ಲಾಗೆ ಯಾಕೆ ಸಾಯುತ್ತದೆ?

ಎಂಎಸ್ಸಿ ಸೆಮಿನಾರ್‌ಗೆ ಓದುತ್ತಾ ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಮ್ಯಾಕ್ರೊಫೇಜ್ (ರೋಗಾಣು ನುಂಗುವ ರಕ್ಷಣಾ ಕೋಶ) ಮೇಲಿನ ಟಿಎಲ್‌ಆರ್4 ಅನ್ನೋ ರಿಸೆಪ್ಟರ್, ಅಂದರೆ ರೋಗಾಣು ಗುರುತಿಸುವ ಪ್ರೋಟೀನ್, ಎಂಡಿ-2 ಅನ್ನೋ ಜೊತೆಗಾರ ಪ್ರೋಟೀನ್ ಜೊತೆ ಸೇರಿ ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾದ ಹೊರಪೊರೆಯ ಎಲ್‌ಪಿಎಸ್ (ಲಿಪೊಪಾಲಿಸ್ಯಾಕರೈಡ್, ಕೊಬ್ಬು-ಸಕ್ಕರೆ ಸೇರಿದ ಅಣು) ಅನ್ನು ಹಿಡಿಯುತ್ತದೆ. ಅದರಲ್ಲೂ ಲಿಪಿಡ್ ಎ ಅನ್ನೋ ಕೊಬ್ಬಿನ ಭಾಗವನ್ನು. ಆಮೇಲೆ ಕೋಶದೊಳಗೆ ಸಂಕೇತ ಸಾಗಿಸುವ ಮೈಡಿ88, ಜೀನ್‌ಗಳನ್ನು ಚಾಲೂ ಮಾಡುವ ಎನ್‌ಎಫ್-ಕಪ್ಪಾ-ಬಿ, ಕೊನೆಗೆ ಉರಿಯೂತ ತರುವ ಟಿಎನ್‌ಎಫ್ ಪ್ರೋಟೀನ್, ಜ್ವರ, ಉರಿಯೂತ. ಇಲ್ಲಿವರೆಗೆ ಸರಿ ಅಲ್ವಾ?

1998ರಲ್ಲಿ ಬ್ರೂಸ್ ಬಾಯ್ಟ್ಲರ್ ತಂಡ ಹುಡುಕಿದ್ದು ನೋಡಿ: ಸಿ3ಎಚ್/ಎಚ್‌ಇಜೆ ಅನ್ನೋ ಲ್ಯಾಬ್ ತಳಿಯ ಇಲಿಯ ಟಿಎಲ್‌ಆರ್4ನಲ್ಲಿ ಬದಲಾಗಿರೋದು ಒಂದೇ ಒಂದು ಅಮೈನೋ ಆಮ್ಲ. 712ನೇ ಜಾಗದಲ್ಲಿ ಪ್ರೋಲಿನ್ ಬದಲು ಹಿಸ್ಟಿಡಿನ್, ಅಷ್ಟೇ! ಎಲ್‌ಪಿಎಸ್ ಚುಚ್ಚಿದರೂ ಈ ಇಲಿ ಜಗ್ಗುವುದಿಲ್ಲ. ಆದರೆ ಸಾಲ್ಮೊನೆಲ್ಲಾ ಸೋಂಕಿಗೆ ಬೇಗ ಬಲಿಯಾಗುತ್ತದೆ.

ನನ್ನ ಗೊಂದಲ ಇದು. ಟಿಎಲ್‌ಆರ್4 ಕೈಕೊಟ್ಟರೂ, ಸಾಲ್ಮೊನೆಲ್ಲಾದ ಬಾಲದ ಫ್ಲಾಜೆಲಿನ್ ಅನ್ನೋ ಪ್ರೋಟೀನ್ ಗುರುತಿಸೋಕೆ ಟಿಎಲ್‌ಆರ್5 ಅನ್ನೋ ಇನ್ನೊಂದು ರಿಸೆಪ್ಟರ್ ಇದ್ದೇ ಇದೆಯಲ್ಲ, ಅದು ಸಾಲದಾ? ಗೈಡ್ ಕೇಳಿದರೆ ಸುಮ್ನೆ "ಓದಮ್ಮ" ಅಂದರು. ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳ್ತೀರಾ? ಸೆಮಿನಾರ್ ಗುರುವಾರ.