ಸಿಡಿಲಿಗೆ ಮೋಡೆಮ್ ಹೋಗಿ ಹೊಸದು ಬಂತು, ಈಗ ಪ್ರಿಂಟರ್ ವೈಫೈಗೆ ಸೇರ್ತಿಲ್ಲ

ತೀರ್ಥಹಳ್ಳಿಯಿಂದ ಪ್ರಶ್ನೆ:
ಇಂಕ್‌ಟ್ಯಾಂಕ್ ಪ್ರಿಂಟರ್. ವೈಫೈ, ಯುಎಸ್‌ಬಿ ಇದೆ, ಲ್ಯಾನ್ ಪೋರ್ಟ್ ಇಲ್ಲ. ಸಿಡಿಲಿಗೆ ಹಳೇ ಫೈಬರ್ ಮೋಡೆಮ್ ಸುಟ್ಟಿತು. ಹೊಸದಕ್ಕೂ ಅದೇ ವೈಫೈ ಹೆಸರು, ಅದೇ ಪಾಸ್‌ವರ್ಡ್ ಇಟ್ಟಿದೆ. ಫೋನುಗಳು ತಾವಾಗೇ ಸೇರಿಕೊಂಡವು, ಪ್ರಿಂಟರಿನ ವೈಫೈ ದೀಪ ಮಾತ್ರ ಮಿಣುಕ್ತಾನೇ ಇದೆ. ಮೋಡೆಮ್, ಪ್ರಿಂಟರ್ ಎರಡೂ ಜಗಲಿ ಪಕ್ಕದ ಕೋಣೆಯಲ್ಲಿ. ಲ್ಯಾಪ್‌ಟಾಪ್ (ವಿಂಡೋಸ್ 11) ಒಳಕೋಣೆಯಲ್ಲಿ. ಮಣ್ಣಿನ ಗೋಡೆ ದಪ್ಪ, ಸಿಗ್ನಲ್ ಸಾಲಲ್ಲ. ಹಾಗಾಗಿ ಅಲ್ಲಿಗೆ ಕೇಬಲ್ ಎಳೆದು ಬೇರೆ ಹೆಸರಿನ ಸಣ್ಣ ರೂಟರ್ ಹಾಕಿದೆ. ಡ್ರೈವರ್ ತೆಗೆದು ಮತ್ತೆ ಹಾಕಿದರೂ ‘ಆಫ್‌ಲೈನ್’ ಹೋಗಿಲ್ಲ. ಯುಎಸ್‌ಬಿಯಲ್ಲಿ ಪ್ರಿಂಟ್ ಸರಿಯಾಗೇ ಬರುತ್ತೆ.

ಸಾಗರದಿಂದ ಉತ್ತರ:
ಯುಎಸ್‌ಬಿಯಲ್ಲಿ ಬರುತ್ತೆ ಅಂದಮೇಲೆ ಡ್ರೈವರ್ ತಂಟೆಗೆ ಹೋಗ್ಬೇಡಿ ಮಾರಾಯ್ರೆ. ದೀಪ ಮಿಣುಕ್ತಾ ಇದೆ ಅಂದ್ರೆ ಪ್ರಿಂಟರ್ ಇನ್ನೂ ಮೋಡೆಮ್ಮನ್ನೇ ಮುಟ್ಟಿಲ್ಲ. ಅಲ್ಲಿವರೆಗೆ ಲ್ಯಾಪ್‌ಟಾಪಲ್ಲಿ ಏನೇ ಮಾಡಿದ್ರೂ ಹೊಳೇಲಿ ಹುಣಸೇಹಣ್ಣು ತೊಳೆದ ಹಾಗೆ.

ಮೊದಲು ಪ್ರಿಂಟರಿಂದ ನೆಟ್‌ವರ್ಕ್ ವರದಿಯ ಹಾಳೆ ತೆಗೀರಿ. ಸ್ಕ್ರೀನ್ ಇದ್ದರೆ ನೆಟ್‌ವರ್ಕ್ ಸೆಟ್ಟಿಂಗ್ಸಲ್ಲಿ ಸಿಗುತ್ತೆ. ಇಲ್ಲದಿದ್ದರೆ ಬಟನ್ ಒತ್ತಿ ಹಿಡೀಬೇಕು. ಯಾವ ಬಟನ್, ಎಷ್ಟು ಸೆಕೆಂಡ್ ಅನ್ನೋದು ಒಂದೊಂದು ಮಾಡೆಲ್‌ಗೆ ಒಂದೊಂದು ಥರ, ಕೈಪಿಡಿ ನೋಡಿ. ಐಪಿ ವಿಳಾಸ (ನೆಟ್‌ವರ್ಕಲ್ಲಿ ಪ್ರಿಂಟರಿಗೆ ಸಿಗೋ ಸಂಖ್ಯೆ) 0.0.0.0 ಅಂತಲೋ 169.254 ರಿಂದಲೋ ಶುರುವಾದ್ರೆ ಮೋಡೆಮ್ ವಿಳಾಸ ಕೊಟ್ಟಿಲ್ಲ ಅಂತ. ಕೆಳಗೆ ಕಾರಣವೂ ಇರುತ್ತೆ. ಎಪ್ಸನ್ ಆದ್ರೆ ಕೋಡಲ್ಲಿ ಬರುತ್ತೆ: ಇ-2, ಇ-3, ಇ-7 ಬಂದರೆ ಹೆಸರು ಅಥವಾ ಪಾಸ್‌ವರ್ಡ್ ತೊಂದರೆ, ಇ-5 ಬಂದರೆ ಭದ್ರತಾ ವಿಧ (ವೈಫೈಗೆ ಬೀಗ ಹಾಕೋ ರೀತಿ) ಹೊಂದಿಲ್ಲ. ಬೇರೆ ಕಂಪನಿಯವು ಹೆಚ್ಚಾಗಿ ವಾಕ್ಯದಲ್ಲೇ ಹೇಳ್ತವೆ.

ಹೆಸರು, ಪಾಸ್‌ವರ್ಡ್ ಒಂದೇ ಇದ್ದೂ ಸೇರದಿದ್ರೆ ನನ್ನ ಅನುಮಾನ ಭದ್ರತಾ ವಿಧದ ಮೇಲೆ. ಹೊಸ ಮೋಡೆಮ್‌ಗಳಲ್ಲಿ ಡಬ್ಲ್ಯುಪಿಎ3 ಅಥವಾ ಡಬ್ಲ್ಯುಪಿಎ2/3 ಮಿಶ್ರ ಇಟ್ಟಿರ್ತಾರೆ. ಹಳೇ ಪ್ರಿಂಟರಿಗೆ ಡಬ್ಲ್ಯುಪಿಎ2 ಮಾತ್ರ ಗೊತ್ತು. ಮಿಶ್ರ ಇದ್ರೂ ಸೇರ್ಬೇಕು ಅನ್ನೋದು ಲೆಕ್ಕ, ಆದ್ರೆ ಕೆಲವು ಅಲ್ಲೂ ಎಡವುತ್ತವೆ. ಮೋಡೆಮ್ ಪುಟಕ್ಕೆ ಹೋಗಿ (ಸಾಮಾನ್ಯವಾಗಿ 192.168.1.1, ಲಾಗಿನ್ ಅಡಿಯ ಚೀಟಿಯಲ್ಲಿರುತ್ತೆ) 2.4 ಗಿಗಾಹರ್ಟ್ಸ್ ವೈಫೈಗೆ ‘ಡಬ್ಲ್ಯುಪಿಎ2-ಪಿಎಸ್‌ಕೆ, ಎಇಎಸ್’ ಆರಿಸಿ. ಟಿಕೆಐಪಿ ಬೇಡ. ‘ಪಿಎಂಎಫ್’ ಅನ್ನೋ ಆಯ್ಕೆ ಕಂಡ್ರೆ ಆಫ್ ಮಾಡಿ.

ಜೊತೆಗೆ, 2.4ಕ್ಕೂ 5ಕ್ಕೂ ಒಂದೇ ಹೆಸರಿದ್ರೆ ಸದ್ಯಕ್ಕೆ ಬೇರೆ ಮಾಡಿ, ಹಳೇ ಹೆಸರು 2.4ಕ್ಕೇ ಉಳೀಲಿ. ಈ ಬೆಲೆಯ ಪ್ರಿಂಟರುಗಳಲ್ಲಿ ಬಹುಪಾಲಿಗೆ 5 ಕಾಣೋದೇ ಇಲ್ಲ. ಚಾನೆಲ್ ‘ಆಟೋ’ ತೆಗೆದು 1, 6, 11ರಲ್ಲಿ ಒಂದು ಕೊಡಿ, ಆಟೋ ಹೋಗಿ 12, 13ರಲ್ಲಿ ಕೂತ್ರೆ ಕೆಲವು ಪ್ರಿಂಟರಿಗೆ ಹೆಸರೇ ಕಾಣಲ್ಲ.

ತೀರ್ಥಹಳ್ಳಿ:
ಹಾಳೆಯಲ್ಲಿ ‘ಭದ್ರತಾ ವಿಧ ಹೊಂದುತ್ತಿಲ್ಲ’ ಅಂತಲೇ ಇತ್ತು. ಡಬ್ಲ್ಯುಪಿಎ2 ಮಾಡಿದ ಕೂಡಲೇ ದೀಪ ನಿಂತಿತು. ಈಗ ಐಪಿ 192.168.1.7. ಲ್ಯಾಪ್‌ಟಾಪಲ್ಲಿ ಮಾತ್ರ ಇನ್ನೂ ಆಫ್‌ಲೈನ್, ಹೊಸದಾಗಿ ಹುಡುಕಿದ್ರೂ ಸಿಗಲ್ಲ. ಅದರ ಐಪಿ 192.168.0.104. ಮೊದಲು ಇದೇ ಜೋಡಣೆಯಲ್ಲೇ ಪ್ರಿಂಟ್ ಬರ್ತಿತ್ತಲ್ಲ?

ಶಿವಮೊಗ್ಗದಿಂದ ಉತ್ತರ:
ಮೂರನೇ ಅಂಕಿ ನೋಡಿ: ಪ್ರಿಂಟರಿಗೆ 1, ಲ್ಯಾಪ್‌ಟಾಪಿಗೆ 0. ಸಣ್ಣ ರೂಟರಿಗೆ ಕೇಬಲನ್ನ ‘ವಾನ್’ (ಹೊರಗಿನ ಇಂಟರ್ನೆಟ್ ಬರೋ) ಪೋರ್ಟಿಗೆ ಚುಚ್ಚಿರೋದ್ರಿಂದ ಅದು ತನ್ನದೇ ಪ್ರತ್ಯೇಕ ನೆಟ್‌ವರ್ಕ್ ಕಟ್ಟಿಕೊಂಡಿದೆ. ಪ್ರಿಂಟರ್ ಹುಡುಕೋ ಕೂಗು ಆ ರೂಟರ್ ದಾಟಲ್ಲ, ಅದಕ್ಕೇ ಸಿಗ್ತಿಲ್ಲ. ಆದ್ರೆ ಒಳಗಿನ ರೂಟರಿಂದ ಮೋಡೆಮ್ ಕಡೆಗೆ ನೇರ ವಿಳಾಸಕ್ಕೆ ಕಳಿಸಿದ್ದು ಹೋಗುತ್ತೆ. ಬ್ರೌಸರಲ್ಲಿ 192.168.1.7 ಹಾಕಿ ನೋಡಿ, ಪ್ರಿಂಟರಿನ ಪುಟ ತೆರ್ಕೋಬೇಕು. ಮೊದಲು ಪ್ರಿಂಟ್ ಬರ್ತಿದ್ದುದೂ ಹೀಗೇ ಇರ್ಬೇಕು: ವಿಂಡೋಸಲ್ಲಿ ಹಳೇ ಐಪಿ ಬರೆದಿಟ್ಟಿತ್ತು, ಹೊಸ ಮೋಡೆಮ್ ಬೇರೆ ಕೊಟ್ಟಿದೆ.

ಬರೀ ಪ್ರಿಂಟ್ ಬೇಕಾದ್ರೆ: ಪ್ರಿಂಟರ್ ಪ್ರಾಪರ್ಟೀಸ್, ಪೋರ್ಟ್ಸ್, ಆ್ಯಡ್ ಪೋರ್ಟ್, ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟ್, ಅಲ್ಲಿ 192.168.1.7. ಆಮೇಲೆ ಕಾನ್ಫಿಗರ್ ಪೋರ್ಟಿಗೆ ಹೋಗಿ ‘ಎಸ್‌ಎನ್‌ಎಂಪಿ ಸ್ಟೇಟಸ್ ಎನೇಬಲ್ಡ್’ ಟಿಕ್ ತೆಗೀರಿ. ಅದು ವಿಂಡೋಸ್ ಪ್ರಿಂಟರಿನ ಸ್ಥಿತಿ ವಿಚಾರಿಸೋ ವಿಧಾನ. ಪ್ರಿಂಟರ್ ಆ ವಿಚಾರಣೆಗೆ ಉತ್ತರ ಕೊಡದಿದ್ರೆ, ಎದುರಿಗೇ ಆನ್ ಆಗಿದ್ರೂ ವಿಂಡೋಸ್ ಆಫ್‌ಲೈನ್ ಅನ್ನುತ್ತೆ.

ಸರಿಯಾದ ದಾರಿ ಬೇರೆ: ಸಣ್ಣ ರೂಟರನ್ನ ‘ಆ್ಯಕ್ಸೆಸ್ ಪಾಯಿಂಟ್’ ಮೋಡಿಗೆ (ಪ್ರತ್ಯೇಕ ನೆಟ್‌ವರ್ಕ್ ಕಟ್ಟದೆ ಮೋಡೆಮ್ಮಿನ ನೆಟ್‌ವರ್ಕನ್ನೇ ಮುಂದುವರಿಸೋ ರೀತಿ) ಹಾಕೋದು. ಆಗ ಹುಡುಕಾಟ, ಸ್ಕ್ಯಾನ್, ಒಳಕೋಣೆಯಲ್ಲಿನ ಫೋನಿಂದ ಪ್ರಿಂಟ್ ಎಲ್ಲ ಸಿಗುತ್ತೆ. ಆ ಮೋಡ್ ಇಲ್ಲದ ರೂಟರಾದ್ರೆ ಮೊದಲು ವಾನ್ ಕೇಬಲ್ ಕಳಚಿ. ಇಲ್ಲದಿದ್ರೆ ವಾನ್, ಲ್ಯಾನ್ ಎರಡೂ ಕಡೆ 192.168.1 ಆಗುತ್ತೆ ಅಂತ ಕೆಲವು ರೂಟರು ಮುಂದಿನ ಬದಲಾವಣೆ ಒಪ್ಪಲ್ಲ. ಅದರ ಲ್ಯಾನ್ ಐಪಿ 192.168.1.2 ಮಾಡಿ (ಮೋಡೆಮ್ ಹಂಚೋ ಪಟ್ಟಿಯಲ್ಲಿ .2 ಬರದ ಹಾಗೆ ನೋಡ್ಕೊಳ್ಳಿ), ಹೊಸ ವಿಳಾಸದಲ್ಲಿ ಮತ್ತೆ ಲಾಗಿನ್ ಆಗಿ ಡಿಎಚ್‌ಸಿಪಿ (ಐಪಿ ವಿಳಾಸ ಹಂಚೋ ವ್ಯವಸ್ಥೆ) ಆಫ್ ಮಾಡಿ, ಕೇಬಲನ್ನ ಲ್ಯಾನ್ ಪೋರ್ಟಿಗೆ ಹಾಕಿ. ಡಿಎಚ್‌ಸಿಪಿ ಮೊದಲೇ ಆಫ್ ಮಾಡಿದ್ರೆ ಲ್ಯಾಪ್‌ಟಾಪಿಗೆ ವಿಳಾಸ ಕೊಡೋರಿಲ್ಲದೆ ರೂಟರ್ ಪುಟವೇ ತೆರೆಯಲ್ಲ.

ಇನ್ನೊಂದು, ಮೋಡೆಮ್ಮಿನ ಡಿಎಚ್‌ಸಿಪಿ ಪುಟದಲ್ಲಿ ಪ್ರಿಂಟರಿನ ಮ್ಯಾಕ್ ವಿಳಾಸಕ್ಕೆ (ಯಂತ್ರದ ಸ್ವಂತ ಗುರುತು, ವರದಿ ಹಾಳೆಯಲ್ಲಿದೆ) 192.168.1.7 ಅಂತ ಕಾಯಂ ಮಾಡಿ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದಾಗ ಯಾವ ವಿಳಾಸ ಯಾರಿಗೆ ಕೊಟ್ಟಿದ್ದೆ ಅನ್ನೋದನ್ನ ಎಷ್ಟೋ ಮೋಡೆಮ್ ಮರೀತವೆ.

ಸಾಗರ:
ಸಿಡಿಲಿನ ವಿಷಯ ಬಂದಿದ್ದಕ್ಕೆ: ಫೈಬರಿನ ಗಾಜಿನಲ್ಲಿ ಕರೆಂಟು ಹರಿಯಲ್ಲ. ಹೊಡೆತ ಬರೋದು ಹೆಚ್ಚಾಗಿ ಅಡಾಪ್ಟರಿಂದ, ಕೆಲವೊಮ್ಮೆ ಉದ್ದ ಲ್ಯಾನ್ ಕೇಬಲಿಂದ. ಗುಡುಗು ಶುರುವಾದ್ರೆ ಸ್ವಿಚ್ ಆಫ್ ಸಾಲಲ್ಲ, ಅಡಾಪ್ಟರ್ ಸಾಕೆಟ್ಟಿಂದ ಕೀಳಿ, ಒಳಕೋಣೆಗೆ ಹೋಗೋ ಕೇಬಲ್ಲೂ ಬಿಚ್ಚಿ. ಸಣ್ಣ ರೂಟರಿನ ಒಂದು ಪೋರ್ಟ್ ಸತ್ತು ಉಳಿದವು ಚೆನ್ನಾಗಿರೋದೂ ಉಂಟು. ಕೇಬಲ್ ಚುಚ್ಚಿದಾಗ ಪೋರ್ಟಿನ ದೀಪ ಬರದಿದ್ರೆ ಪಕ್ಕದ್ದಕ್ಕೆ ಹಾಕಿ ನೋಡಿ.

ತೀರ್ಥಹಳ್ಳಿ:
ಆ್ಯಕ್ಸೆಸ್ ಪಾಯಿಂಟ್ ಮೋಡ್ ಇತ್ತು, ಹಾಕಿದೆ. ಹುಡುಕಿದ್ರೆ ಪ್ರಿಂಟರ್ ಸಿಗ್ತಿದೆ. ಆದ್ರೆ ಮೊದಲೇ ಕಳಿಸಿದ್ದ ಪಹಣಿ ಸರದಿಯಲ್ಲಿ ಸಿಕ್ಕಿಕೊಂಡಿದೆ, ಡಿಲೀಟ್ ಕೊಟ್ರೆ ‘ಡಿಲೀಟಿಂಗ್’ ಅಂತಲೇ ನಿಂತಿದೆ.

ಶಿವಮೊಗ್ಗ:
ಸ್ಟಾರ್ಟಲ್ಲಿ ಸರ್ವೀಸಸ್ ಹುಡುಕಿ, ‘ಪ್ರಿಂಟ್ ಸ್ಪೂಲರ್’ (ಪ್ರಿಂಟ್ ಸರದಿ ನೋಡ್ಕೊಳ್ಳೋ ಸೇವೆ) ಸ್ಟಾಪ್ ಮಾಡಿ. ಸಿ ಡ್ರೈವ್, ವಿಂಡೋಸ್, ಸಿಸ್ಟಮ್32, ಸ್ಪೂಲ್, ಪ್ರಿಂಟರ್ಸ್: ಈ ಫೋಲ್ಡರಿನ ಒಳಗಿನ ಫೈಲುಗಳನ್ನಷ್ಟೇ ಅಳಿಸಿ, ಫೋಲ್ಡರ್ ಅಳಿಸಬೇಡಿ. ಸ್ಪೂಲರ್ ಮತ್ತೆ ಸ್ಟಾರ್ಟ್ ಮಾಡಿ. ಪಟ್ಟಿಯಲ್ಲಿ ಹಳೇ ಪ್ರಿಂಟರ್ ಇನ್ನೊಂದು ಉಳಿದಿದ್ರೆ ತೆಗೆದುಹಾಕಿ, ಇಲ್ಲದಿದ್ರೆ ಮುಂದಿನ ಪಹಣಿನೂ ಅಲ್ಲಿಗೇ ಹೋಗುತ್ತೆ.