ಪಾರ್ಕಿಂಗ್‌ನಲ್ಲಿ ಸ್ಕೂಟರ್ ಚಾರ್ಜಿಂಗ್: ಭಾನುವಾರದ ಸಭೆಗೆ ಬರುವ ಮುಂಚೆ ಎಲ್ಲರೂ ಓದಿ

ಮನೆ 12, ಕಾರ್ಯದರ್ಶಿ
ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ಕೆಳಗಡೆ ಮೆಟ್ಟಿಲ ಪಕ್ಕ ಇಟ್ಟಿದ್ದ ಎಕ್ಸ್‌ಟೆನ್ಷನ್ ಬೋರ್ಡ್ ಕರಗಿದೆ. ಸುಟ್ಟ ವಾಸನೆ ಬಂದ ಕೂಡಲೇ ವಾಚ್‌ಮನ್ ಮೇನ್ ಆಫ್ ಮಾಡಿದರು. ಯಾರಿಗೂ ಏನೂ ಆಗಿಲ್ಲ. ಆ ಒಂದೇ ಬೋರ್ಡಿಗೆ ಮೂರು ಸ್ಕೂಟರ್‌ಗಳ ಚಾರ್ಜರ್ ಸಿಕ್ಕಿಸಿದ್ದರು. ಭಾನುವಾರ ಬೆಳಿಗ್ಗೆ 10ಕ್ಕೆ ಸಭೆ ಇದೆ. ಅಲ್ಲಿವರೆಗೆ ಪಾರ್ಕಿಂಗ್‌ನ ಪ್ಲಗ್‌ಗಳು ಬಂದ್.

ಮನೆ 31
ಬಂದ್ ಮಾಡಿದ್ದು ಹಾಗೇ ಇರಲಿ. 2022ರ ಸೆಪ್ಟೆಂಬರ್‌ನಲ್ಲಿ ಸಿಕಂದರಾಬಾದ್‌ನಲ್ಲಿ ಏನಾಯಿತು ಅಂತ ಮರೆತುಬಿಟ್ಟಿರಾ? ಕೆಳಗೆ ಎಲೆಕ್ಟ್ರಿಕ್ ಸ್ಕೂಟರ್ ಶೋರೂಮ್, ಮೇಲೆ ಲಾಡ್ಜ್. ಹೊಗೆ ಮೆಟ್ಟಿಲು ಹಿಡಿದು ಮೇಲೆ ಬಂತು, 8 ಜನ ಹೋದರು. ನಮ್ಮ ಕಟ್ಟಡಕ್ಕೂ ಇರುವುದು ಒಂದೇ ಮೆಟ್ಟಿಲು. ನಮ್ಮ ಅತ್ತೆಗೆ ನಡೆಯಲು ಆಗುವುದಿಲ್ಲ. ಸ್ಕೂಟರ್ ಬೇಕಾದವರು ಹೊರಗೆ ಚಾರ್ಜ್ ಮಾಡಿಕೊಳ್ಳಲಿ.

ಮನೆ 22
ಆಂಟಿ, ನಿಮ್ಮ ಭಯ ಅರ್ಥ ಆಗುತ್ತದೆ. ಆದರೆ ನನ್ನ ಕೆಲಸವೇ ಡೆಲಿವರಿ. ರಾತ್ರಿ ಚಾರ್ಜ್ ಆಗದಿದ್ದರೆ ಮರುದಿನದ ಸಂಪಾದನೆ ಇಲ್ಲ. ಹೊರಗಿನ ಪಾಯಿಂಟ್ ನಮ್ಮ ಮನೆಯಿಂದ ದೂರ, ಅಲ್ಲೂ ಕ್ಯೂ. ಕೆಳಗೆ ಬೇಡ ಅಂದರೆ ಬ್ಯಾಟರಿ ಬಿಚ್ಚಿ ಮನೆಯೊಳಗೆ ತಂದು ಚಾರ್ಜ್ ಮಾಡಬೇಕಾಗುತ್ತದೆ. ಅದು ಇನ್ನೂ ಅಪಾಯ ಅಲ್ವಾ?

ಮನೆ 7
ತಮ್ಮ ಹೇಳಿದ್ದು ಸರಿ. ಪಾರ್ಕಿಂಗ್‌ನಲ್ಲಿ ನಿಷೇಧ ಹಾಕಿದರೆ ಚಾರ್ಜಿಂಗ್ ನಿಲ್ಲುವುದಿಲ್ಲ. ಬಾಗಿಲು ಹಾಕಿದ ಮನೆಯೊಳಗೆ, ಸೋಫಾ ಪಕ್ಕ ಹೋಗುತ್ತದೆ. ಅಲ್ಲಿ ಬೆಂಕಿ ಹತ್ತಿದರೆ ಮಲಗಿದವರಿಗೆ ಹೊರಗೆ ಬರಲು ದಾರಿಯೇ ಇರುವುದಿಲ್ಲ. ಮೆಟ್ಟಿಲ ಪಕ್ಕ ಮಾತ್ರ ಖಂಡಿತ ಬೇಡ. ಅದರಲ್ಲಿ 31ರ ಮೇಡಂ ಮಾತೇ ನನ್ನ ಮಾತು.

ಪವರ್ ಸಪ್ಲೈ ರಿಪೇರಿ ನನ್ನ ಹೊಟ್ಟೆಪಾಡು. ಹಾಗಾಗಿ ಬೆಳಿಗ್ಗೆ ಕೆಳಗೆ ಹೋಗಿ ಕರಗಿದ ಬೋರ್ಡನ್ನೂ ಮೂರು ಚಾರ್ಜರ್‌ಗಳ ಲೇಬಲ್‌ಗಳನ್ನೂ ನೋಡಿ ಬಂದೆ. ಬೋರ್ಡ್ ಕರಗಿದ್ದಕ್ಕೂ ಬ್ಯಾಟರಿಗೂ ಸಂಬಂಧ ಇಲ್ಲ. ಆದರೆ ಲೇಬಲ್‌ಗಳಲ್ಲಿ ಒಂದು ನೋಡಿ ಎದೆ ಧಸಕ್ ಅಂದಿತು. ಮೊದಲು ಬೋರ್ಡ್ ವಿಷಯ ಮುಗಿಸುತ್ತೇನೆ.

ಬ್ಯಾಟರಿಗೆ 10 ಆಂಪಿಯರ್ ಕೊಡುವ 48 ವೋಲ್ಟಿನ ಸ್ಕೂಟರ್ ಚಾರ್ಜರ್ ಗೋಡೆಯಿಂದ ಸುಮಾರು 650 ವಾಟ್ ಎಳೆಯುತ್ತದೆ. ಒಳ್ಳೆ ಚಾರ್ಜರ್ ಆದರೆ 3 ಆಂಪಿಯರ್. ಅಗ್ಗದ್ದು ಕರೆಂಟನ್ನು ಒಂದೇ ಸಮ ಎಳೆಯುವುದಿಲ್ಲ, ಗಬಕ್ ಗಬಕ್ ಅಂತ ಎಳೆಯುತ್ತದೆ. ಅದರಿಂದ ವೈರಿನ ಮೇಲೆ 5 ಆಂಪಿಯರ್ ಹತ್ತಿರದ ಭಾರ ಬೀಳುತ್ತದೆ. ಅಂಥ ಮೂರು ಸೇರಿದರೆ 15. ಆ ಬೋರ್ಡ್ 6 ಆಂಪಿಯರ್‌ದು. ಅದರ ಮೇಲೆ ಒಳಗಿನ ಹಿತ್ತಾಳೆ ಪಟ್ಟಿಗಳು ಸಡಿಲ. ಒಂದು ಪಿನ್ ಬಳಿ ಅರ್ಧ ಓಮ್ ತಡೆ ಇದ್ದರೂ 5 ಆಂಪಿಯರ್‌ಗೆ ಅಲ್ಲಿ 12 ವಾಟ್ ಶಾಖ ಹುಟ್ಟುತ್ತದೆ. ಕಡಲೆಕಾಳಿನಷ್ಟು ಜಾಗದಲ್ಲಿ, ನಾಲ್ಕು ಗಂಟೆ.

ಮನೆ 5
ಎಂಸಿಬಿ ಯಾಕೆ ಬೀಳಲಿಲ್ಲ ಸರ್? ಕೆಳಗಿನ ಲೈನಿಗೆ 16 ಆಂಪಿಯರ್ ಎಂಸಿಬಿ ಹಾಕಿಸಿದ್ದು ನಾನೇ ನಿಂತು.

ಮನೆ 7
ಸರ್, ಎಂಸಿಬಿ ಕೆಟ್ಟಿಲ್ಲ. ಅದು ಲೈನಿನಲ್ಲಿ ಎಷ್ಟು ಕರೆಂಟ್ ಹರಿಯುತ್ತಿದೆ ಅಂತ ಮಾತ್ರ ನೋಡುತ್ತದೆ. 15 ಹರಿಯುತ್ತಿತ್ತು, ಅದರ ಮಿತಿ 16. ಪ್ಲಗ್ ಸಡಿಲವಾಗಿ ಕಾದಿದ್ದು ಅದಕ್ಕೆ ತಿಳಿಯುವುದೇ ಇಲ್ಲ. ಶಾಕ್ ತಡೆಯುವ ಆರ್‌ಸಿಸಿಬಿಗೂ ತಿಳಿಯುವುದಿಲ್ಲ. ಇದಕ್ಕೆ ಔಷಧ ಒಂದೇ: ಎಕ್ಸ್‌ಟೆನ್ಷನ್ ಬೋರ್ಡ್ ಪೂರ್ತಿ ಬಿಡಬೇಕು, ಗೋಡೆಗೆ ಗಟ್ಟಿಯಾಗಿ ಕೂತ 16 ಆಂಪಿಯರ್ ಸಾಕೆಟ್ ಬೇಕು, ಒಂದಕ್ಕೆ ಒಂದೇ ಗಾಡಿ.

ಮನೆ 18
ಸರ್, ಎದೆ ಧಸಕ್ ಅಂದಿದ್ದು ಯಾವ ಲೇಬಲ್? ನಮ್ಮದಲ್ಲ ತಾನೇ?

ಮನೆ 7
ನಿಮ್ಮ ಗಾಡಿ ಅಲ್ಲಿರಲಿಲ್ಲ ಮೇಡಂ. ಅದು 22ರ ಮನೆಯದು. ತಮ್ಮ, ಬೇಜಾರು ಮಾಡಿಕೊಳ್ಳಬೇಡ. ನಿನ್ನ ಬ್ಯಾಟರಿ ಮೇಲೆ ‘48 ವೋಲ್ಟ್, ಎನ್‌ಎಂಸಿ, 13 ಎಸ್’ ಅಂತಿದೆ. ಚಾರ್ಜರ್ ಮೇಲೂ ದೊಡ್ಡದಾಗಿ 48 ವೋಲ್ಟ್ ಅಂತಲೇ ಇದೆ. ಕೆಳಗೆ ಸಣ್ಣ ಅಕ್ಷರದಲ್ಲಿ ‘ಔಟ್‌ಪುಟ್ 58.4 ವೋಲ್ಟ್’. ಆ ಚಾರ್ಜರನ್ನು ದಯವಿಟ್ಟು ಇವತ್ತಿನಿಂದಲೇ ಬಳಸಬೇಡ.

ಮನೆ 22
ಅಯ್ಯೋ. ಗಾಡಿ ಜೊತೆ ಬಂದಿದ್ದು ಕೆಟ್ಟುಹೋಯಿತು ಸರ್. ಹೊಸದು ಬರಲು ತಿಂಗಳು ಆಗುತ್ತದೆ ಅಂದರು. ಹೊರಗೆ ಅಂಗಡಿಯಲ್ಲಿ 48 ವೋಲ್ಟ್ ಚಾರ್ಜರ್ ಅಂತ ಕೇಳಿದ್ದಕ್ಕೆ ಇದನ್ನು ಕೊಟ್ಟರು. ಪಿನ್ ಕೂಡ ಸರಿಯಾಗಿ ಕೂರುತ್ತದೆ. ಚಾರ್ಜ್ ಕೂಡ ಆಗುತ್ತಿದೆ. ಏನು ತೊಂದರೆ?

ಮನೆ 7
ಚಾರ್ಜ್ ಆಗುತ್ತಿರುವುದೇ ತೊಂದರೆ. ಇದನ್ನು ಎಲ್ಲರೂ ನಿಧಾನವಾಗಿ ಓದಿ. ಈ ಗುಂಪಿನಲ್ಲಿ ಇವತ್ತು ತಿಳಿದುಕೊಳ್ಳಬೇಕಾದ್ದು ಇದೊಂದೇ.

48 ಅನ್ನುವುದು ಹೆಸರು ಮಾತ್ರ. ಬ್ಯಾಟರಿಯೊಳಗೆ ಸಣ್ಣ ಸಣ್ಣ ಸೆಲ್‌ಗಳು ಸಾಲಾಗಿ ಕೂತಿರುತ್ತವೆ. 13 ಎಸ್ ಅಂದರೆ ಸಾಲಿನಲ್ಲಿ 13. ಎನ್‌ಎಂಸಿ ಅನ್ನುವುದು ಲಿಥಿಯಂ ಸೆಲ್‌ನ ಒಂದು ಜಾತಿ, ತುಂಬಿದಾಗ 4.2 ವೋಲ್ಟ್. 13 × 4.2 ಅಂದರೆ 54.6. ಈ ಬ್ಯಾಟರಿಗೆ ಬೇಕಾದ ಚಾರ್ಜರ್ 54.6 ವೋಲ್ಟಿನದು. ಇನ್ನೊಂದು ಜಾತಿ ಎಲ್‌ಎಫ್‌ಪಿ. ಅದರ ಸೆಲ್ 3.65ಕ್ಕೆ ತುಂಬುತ್ತದೆ, ಸಾಲಿನಲ್ಲಿ 16 ಇರುತ್ತವೆ. 16 × 3.65 ಅಂದರೆ 58.4. ಅದಕ್ಕೂ ಅಂಗಡಿಯಲ್ಲಿ 48 ವೋಲ್ಟ್ ಅಂತಲೇ ಹೆಸರು. ಹಳೆ ಲೆಡ್ ಆಸಿಡ್ ಬ್ಯಾಟರಿಯ ಚಾರ್ಜರ್ 58.8ರ ತನಕ ಹೋಗುತ್ತದೆ, ಅದೂ 48 ವೋಲ್ಟ್! ಮೂರಕ್ಕೂ ಪಿನ್ ಒಂದೇ ಇರಬಹುದು.

ಈಗ 58.4ನ್ನು 13ರಿಂದ ಭಾಗಿಸಿ. ಒಂದೊಂದು ಸೆಲ್‌ಗೆ 4.49. ತುಂಬುವ ಮಿತಿ 4.2, ಒಳ್ಳೆ ಚಾರ್ಜರ್ ಅದರಿಂದ 0.05ಕ್ಕಿಂತ ಆಚೆ ಈಚೆ ಹೋಗಬಾರದು. ಇಲ್ಲಿ 0.29 ಜಾಸ್ತಿ. ಸೆಲ್‌ನ ಒಂದು ಬದಿಯಲ್ಲಿ ಲಿಥಿಯಂಗೆ ಕೂರಲು ಜಾಗ ಮುಗಿಯುತ್ತದೆ. ಉಳಿದದ್ದು ಮೇಲೆಯೇ ಲೋಹವಾಗಿ ಕೂರುತ್ತದೆ, ಸೂಜಿಯ ಹಾಗೆ ಬೆಳೆಯುತ್ತದೆ. ಎರಡು ಬದಿಗಳ ನಡುವೆ ಇರುವುದು ಕೂದಲಿಗಿಂತ ತೆಳುವಾದ ಪ್ಲಾಸ್ಟಿಕ್ ಹಾಳೆ. ಅದು ತೂತಾದರೆ ಒಳಗೇ ಶಾರ್ಟ್. ಇನ್ನೊಂದು ಬದಿಯ ವಸ್ತು ಕಾದು ಆಮ್ಲಜನಕ ಬಿಡುತ್ತದೆ. ಆ ಬೆಂಕಿಗೆ ಹೊರಗಿನ ಗಾಳಿಯ ಹಂಗೇ ಇಲ್ಲ. ಅದಕ್ಕೇ ಗೋಣಿಚೀಲ ಮುಚ್ಚಿದರೆ ಆರುವುದಿಲ್ಲ.

ಮನೆ 5
ಆದರೆ ಬ್ಯಾಟರಿಯಲ್ಲೇ ಸೆಲ್‌ಗಳನ್ನು ಕಾಯುವ ಬಿಎಂಎಸ್ ಅಂತ ಒಂದು ಸರ್ಕ್ಯೂಟ್ ಇರುತ್ತಲ್ಲ. ಜಾಸ್ತಿ ಆದರೆ ಅದು ಕಟ್ ಮಾಡುವುದಿಲ್ಲವೇ?

ಮನೆ 7
ಮಾಡುತ್ತದೆ ಸರ್. ಇಷ್ಟು ದಿನ ಏನೂ ಆಗದೆ ಇರುವುದು ಅದರಿಂದಲೇ. ಯಾವುದೇ ಒಂದು ಸೆಲ್ 4.25ರ ಆಸುಪಾಸು ಮುಟ್ಟಿದರೆ ಬಿಎಂಎಸ್ ತನ್ನ ಮಾಸ್‌ಫೆಟ್ ಅನ್ನುವ ಎಲೆಕ್ಟ್ರಾನಿಕ್ ಸ್ವಿಚ್ ಆಫ್ ಮಾಡಿ ಕರೆಂಟ್ ಕಡಿದುಬಿಡುತ್ತದೆ. ಆದರೆ ಅದು ಕೊನೆಯ ಬೀಗ. ದಿನಾ ರಾತ್ರಿ ಅದರ ಮೇಲೆಯೇ ಭಾರ ಹಾಕಬಾರದು. ಮಾಸ್‌ಫೆಟ್ ಕೆಟ್ಟರೆ ಸಾಮಾನ್ಯವಾಗಿ ಶಾರ್ಟ್ ಆಗಿ ಕೆಡುತ್ತದೆ, ಅಂದರೆ ಕರೆಂಟ್ ಕಡಿಯುವ ಬದಲು ಹರಿಯಲು ಬಿಡುತ್ತಲೇ ಇರುತ್ತದೆ. ಅವತ್ತು ಚಾರ್ಜರ್ ಕೂಡ ತಪ್ಪಾಗಿದ್ದರೆ ತಡೆಯಲು ಯಾರೂ ಇರುವುದಿಲ್ಲ.

ಸರಿಯಾದ ಚಾರ್ಜರ್ ಹೇಗೆ ಕೆಲಸ ಮಾಡುತ್ತದೆ ನೋಡಿ. ಮೊದಲು ಬ್ಯಾಟರಿ ತೀರಾ ಇಳಿದಿದೆಯೇ ಅಂತ ನೋಡುತ್ತದೆ. ಸೆಲ್ 3 ವೋಲ್ಟಿಗಿಂತ ಕೆಳಗಿದ್ದರೆ ಹತ್ತನೇ ಒಂದು ಭಾಗದಷ್ಟು ಕರೆಂಟ್ ಕೊಟ್ಟು ನಿಧಾನವಾಗಿ ಎಬ್ಬಿಸುತ್ತದೆ. ಎದ್ದ ಮೇಲೆ ಪೂರ್ತಿ ಕರೆಂಟ್, ಆದರೆ ಒಂದು ಮಿತಿಯಲ್ಲಿ ಕಟ್ಟಿಹಾಕಿ. ವೋಲ್ಟೇಜ್ ಏರುತ್ತಾ 54.6 ಮುಟ್ಟಿದ ಮೇಲೆ ಅಲ್ಲೇ ನಿಲ್ಲುತ್ತದೆ. ಆಮೇಲೆ ಕರೆಂಟ್ ತಾನಾಗಿ ಇಳಿಯುತ್ತಾ ಬರುತ್ತದೆ. 10 ಆಂಪಿಯರ್ ಇದ್ದದ್ದು 1ಕ್ಕೆ ಬಂದಾಗ ಚಾರ್ಜರ್ ಪೂರ್ತಿ ನಿಲ್ಲುತ್ತದೆ. ಲಿಥಿಯಂಗೆ ಪೂರ್ತಿ ನಿಲ್ಲುವುದು ಮುಖ್ಯ. ಲೆಡ್ ಆಸಿಡ್ ಚಾರ್ಜರ್ ಬ್ಯಾಟರಿ ತುಂಬಿದ ಮೇಲೂ ಸಣ್ಣಗೆ ಕರೆಂಟ್ ಕೊಡುತ್ತಲೇ ಇರುತ್ತದೆ. ಯುಪಿಎಸ್‌ಗೆ ಅದು ಬೇಕು, ಲಿಥಿಯಂಗೆ ಅದೇ ವಿಷ.

ಮನೆ 18
54.6 ಅಂತ ಅದಕ್ಕೆ ಹೇಗೆ ಗೊತ್ತಾಗುತ್ತದೆ ಸರ್? ಒಳಗೆ ಕಂಪ್ಯೂಟರ್ ಇದೆಯಾ?

ಮನೆ 7
ಒಳ್ಳೆ ಪ್ರಶ್ನೆ ಮೇಡಂ. ಎಷ್ಟೋ ಚಾರ್ಜರ್‌ಗಳಲ್ಲಿ ಕಂಪ್ಯೂಟರ್ ಇರುವುದೇ ಇಲ್ಲ. ಎರಡು ರೆಸಿಸ್ಟರ್‌ಗಳು 54.6ನ್ನು 2.5ಕ್ಕೆ ಇಳಿಸುತ್ತವೆ. ಟಿಎಲ್ 431 ಅನ್ನುವ ಮೂರು ಕಾಲಿನ ಬಿಡಿಭಾಗ ಅದನ್ನು ತನ್ನೊಳಗಿನ 2.5 ವೋಲ್ಟಿನ ಜೊತೆ ಹೋಲಿಸುತ್ತದೆ. ಜಾಸ್ತಿಯಾದರೆ ಆಪ್ಟೊಕಪ್ಲರ್‌ನ ಪುಟ್ಟ ಎಲ್‌ಇಡಿ ಹೊತ್ತುತ್ತದೆ. ಆ ಬೆಳಕು ಆಚೆ ಬದಿಯ 230 ವೋಲ್ಟ್ ಸರ್ಕ್ಯೂಟ್‌ಗೆ ಕಡಿಮೆ ಮಾಡು ಅಂತ ಸುದ್ದಿ ಕೊಡುತ್ತದೆ. ಬೆಳಕಿನಿಂದ ಯಾಕೆ ಅಂದರೆ, ಮೇನ್ಸ್ ಬದಿಗೂ ಬ್ಯಾಟರಿ ಬದಿಗೂ ನಡುವೆ ತಾಮ್ರದ ನೇರ ಸಂಬಂಧ ಇರಲೇಬಾರದು. ಶಕ್ತಿ ಟ್ರಾನ್ಸ್‌ಫಾರ್ಮರ್ ಮೂಲಕ ದಾಟುತ್ತದೆ, ಸುದ್ದಿ ಬೆಳಕಿನ ಮೂಲಕ.

ಅಗ್ಗದ್ದರಲ್ಲಿ ಉಳಿತಾಯ ಮಾಡುವುದು ಇಲ್ಲೇ. ಆ ರೆಸಿಸ್ಟರ್ ಶಾಖಕ್ಕೆ ಮೌಲ್ಯ ಬದಲಿಸಿದರೆ ವೋಲ್ಟೇಜ್ ಏರಬಹುದು. ಆಪ್ಟೊಕಪ್ಲರ್ ದಾರಿ ಕಡಿದುಹೋದರೆ ಸುದ್ದಿಯೇ ಮುಟ್ಟುವುದಿಲ್ಲ, ಔಟ್‌ಪುಟ್ ಮೇಲಕ್ಕೆ ಹಾರುತ್ತದೆ. ಒಳ್ಳೆ ಚಾರ್ಜರ್‌ನಲ್ಲಿ ಇದನ್ನು ಹಿಡಿಯಲು ಎರಡನೇ ಓವರ್ ವೋಲ್ಟೇಜ್ ಸರ್ಕ್ಯೂಟ್ ಬೇರೆಯಾಗಿಯೇ ಇರುತ್ತದೆ. ರಿಪೇರಿಗೆ ಬರುವ ಅಗ್ಗದ ಚಾರ್ಜರ್‌ಗಳಲ್ಲಿ ಅದು ಇಲ್ಲದ್ದನ್ನು ನೋಡಿ ನೋಡಿ ಸಿಟ್ಟು ಬರುತ್ತದೆ. ಬಡವನ ಗಾಡಿಗೇ ಇಂಥದ್ದು ಬರುವುದು.

ಒಂದು ಮಾತು. ನೋಡೋಣ ಅಂತ ಯಾರೂ ಚಾರ್ಜರ್ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ 325 ವೋಲ್ಟ್ ಉಳಿದಿರಬಹುದು.

ಮನೆ 31
ಸರಿಯಾದ ಚಾರ್ಜರ್ ಇದ್ದರೆ ಬಿಎಂಎಸ್ ಯಾಕೆ ಬೇಕು ಹಾಗಾದರೆ? ಎರಡೆರಡು ಯಾಕೆ?

ಮನೆ 7
ಮೇಡಂ, ನೀವು ಟೀಚರ್ ಆಗಿದ್ದವರು, ನಿಮಗೆ ಕೂಡಲೇ ಹೊಳೆಯುತ್ತದೆ. ಚಾರ್ಜರ್ ನೋಡುವುದು ಇಡೀ ತರಗತಿಯ ಒಟ್ಟು ಅಂಕ ಮಾತ್ರ. ಒಬ್ಬೊಬ್ಬ ಹುಡುಗನದು ಅದಕ್ಕೆ ಕಾಣುವುದಿಲ್ಲ. ಹಳೆ ಬ್ಯಾಟರಿಯಲ್ಲಿ ಒಂದು ಸೆಲ್ ಸೊರಗಿ ಬೇಗ ತುಂಬಿ 4.35ಕ್ಕೆ ಹೋಗಿರುತ್ತದೆ ಅಂದುಕೊಳ್ಳಿ. ಉಳಿದ 12 ತಲಾ 4.19ರ ಹತ್ತಿರ. ಕೂಡಿಸಿದರೆ 54.6! ಚಾರ್ಜರ್‌ಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಬಿಎಂಎಸ್ ಒಂದೊಂದು ಸೆಲ್‌ಗೂ ತೆಳು ವೈರ್ ಎಳೆದು ಪ್ರತಿಯೊಂದನ್ನೂ ಅಳೆಯುತ್ತದೆ. ಮುಂದೆ ಹೋದ ಸೆಲ್‌ನಿಂದ ಸ್ವಲ್ಪ ಕರೆಂಟ್ ಹೊರಗೆ ಹಾಕಿ ಸಮ ಮಾಡುತ್ತದೆ. ಥರ್ಮಿಸ್ಟರ್ ಇಟ್ಟು ಬಿಸಿಯನ್ನೂ ನೋಡುತ್ತದೆ. ಒಂದಕ್ಕೊಂದು ಸಂಬಂಧ ಇಲ್ಲದ ಎರಡು ಕಾವಲು ಇರಬೇಕು, ಒಂದು ಮಲಗಿದರೆ ಇನ್ನೊಂದು ಎದ್ದಿರಬೇಕು.

ಕೇಂದ್ರ ಸರ್ಕಾರ ಕೂಡ 2022ರ ಬೆಂಕಿ ಪ್ರಕರಣಗಳ ನಂತರ ಎಲೆಕ್ಟ್ರಿಕ್ ಗಾಡಿಗಳ ಬ್ಯಾಟರಿ ಸುರಕ್ಷತೆಯ ಎಐಎಸ್ 156 ನಿಯಮ ಬಿಗಿ ಮಾಡಿತು. ಅದು ಆ ವರ್ಷದ ಡಿಸೆಂಬರ್‌ನಲ್ಲಿ ಮತ್ತು 2023ರ ಮಾರ್ಚ್ ಕೊನೆಯಲ್ಲಿ, ಎರಡು ಹಂತದಲ್ಲಿ ಜಾರಿಗೆ ಬಂತು. ಚಾರ್ಜರ್ ಮಿತಿ ಮುಟ್ಟಿದಾಗ ನಿಲ್ಲಬೇಕು, ತೀರಾ ಇಳಿದ ಬ್ಯಾಟರಿಯನ್ನು ಗುರುತಿಸಬೇಕು ಅಂತ ಅದರಲ್ಲಿದೆ. ಅದಕ್ಕಿಂತ ಹಳೆ ಗಾಡಿ ಯಾರದ್ದಿದ್ದರೂ ತಿಳಿಸಿ, ಮೊದಲು ಅವನ್ನು ನೋಡೋಣ.

ಮನೆ 18
ಮಧ್ಯಾಹ್ನ ಬಿಸಿಲಲ್ಲಿ ಓಡಿಸಿಕೊಂಡು ಬಂದು ಕೂಡಲೇ ಹಾಕಬಹುದಾ?

ಮನೆ 7
ಬೇಡ. ಸೆಲ್ 45 ಡಿಗ್ರಿ ದಾಟಿದ್ದರೆ ಚಾರ್ಜ್ ಮಾಡಬಾರದು. ಅರ್ಧ ಮುಕ್ಕಾಲು ಗಂಟೆ ನೆರಳಲ್ಲಿ ಬಿಟ್ಟು ಹಾಕಿ. ಚಾರ್ಜರ್ ಮೇಲೆ ಬಟ್ಟೆ, ಹೆಲ್ಮೆಟ್ ಇಡಬೇಡಿ, ಅದಕ್ಕೂ ಗಾಳಿ ಬೇಕು. ಬ್ಯಾಟರಿ ಉಬ್ಬಿದ್ದರೆ, ಮಳೆನೀರಲ್ಲಿ ಮುಳುಗಿದ್ದರೆ, ಬಿದ್ದು ಜಜ್ಜಿದ್ದರೆ ಚಾರ್ಜಿಗೆ ಹಾಕಲೇಬೇಡಿ.

ಮನೆ 12, ಕಾರ್ಯದರ್ಶಿ
ಹಾಗಾದರೆ ಏನು ಮಾಡೋಣ ಅಂತ ಹೇಳಿ ಸರ್. ಸಭೆಯಲ್ಲಿ ಸುಮ್ನೆ ಜಗಳ ಆಗಬಾರದು.

ಮನೆ 7
ಹಿಂಬದಿ ಕಾಂಪೌಂಡ್ ಪಕ್ಕ, ನೀರಿನ ಸಂಪ್ ಆಚೆ ತೆರೆದ ಜಾಗ ಇದೆ. ಮೆಟ್ಟಿಲಿನಿಂದಲೂ ಮೀಟರ್ ಬೋರ್ಡಿನಿಂದಲೂ ದೂರ. ಅಲ್ಲಿ ತಗಡಿನ ಮಾಡು ಹಾಕಿ ನಾಲ್ಕು ಪಾಯಿಂಟ್ ಕೊಡೋಣ. ಪ್ರತಿ ಪಾಯಿಂಟಿಗೂ ಬೇರೆ ವೈರ್, ಬೇರೆ ಎಂಸಿಬಿ, 30 ಮಿಲಿ ಆಂಪಿಯರ್ ಆರ್‌ಸಿಸಿಬಿ, ಸರಿಯಾದ ಅರ್ಥಿಂಗ್, ಸಬ್ ಮೀಟರ್. ಬಳಸಿದವರು ಯೂನಿಟ್ ಲೆಕ್ಕದಲ್ಲಿ ಹಣ ಕೊಡಲಿ. ಗಾಡಿಗಳ ನಡುವೆ ಅಂತರ ಇರಲಿ. ಕಾಮನ್ ಮೀಟರ್‌ನ ಮಂಜೂರಾದ ಲೋಡ್ ಸಾಲದಿದ್ದರೆ ಬೆಸ್ಕಾಂಗೆ ಅರ್ಜಿ ಹಾಕಬೇಕು. 5ರ ಸರ್, ಅದನ್ನು ನೀವು ನೋಡಿಕೊಳ್ಳುತ್ತೀರಾ?

ಮನೆ 5
ಖಂಡಿತ. ಹಳೆ ಬಿಲ್ ನನ್ನ ಹತ್ತಿರವೇ ಇದೆ. ಲೈಸೆನ್ಸ್ ಇರುವ ಕಾಂಟ್ರಾಕ್ಟರ್ ಕೈಲೇ ಮಾಡಿಸೋಣ. ಶನಿವಾರದೊಳಗೆ ಅಂದಾಜು ಖರ್ಚು ತರುತ್ತೇನೆ.

ಮನೆ 31
ಮೆಟ್ಟಿಲಿನಿಂದ ದೂರ ಆದರೆ ನನ್ನ ವಿರೋಧ ಇಲ್ಲ. ಆದರೆ ಎರಡು ಷರತ್ತು. ಎಲ್ಲರೂ ಮಲಗಿದ ಹೊತ್ತಿನಲ್ಲಿ ಚಾರ್ಜಿಂಗ್ ಬೇಡ, ರಾತ್ರಿ 11ಕ್ಕೆ ವಾಚ್‌ಮನ್ ಆಫ್ ಮಾಡಲಿ. ಮನೆಯೊಳಗೆ ಯಾರೂ ಗಾಡಿ ಬ್ಯಾಟರಿ ಚಾರ್ಜ್ ಮಾಡಬಾರದು. ಬೆಂಕಿ ಬಂದರೆ ಏನು ಮಾಡಬೇಕು ಅದನ್ನೂ ಬರೆಯಿರಿ.

ಮನೆ 7
ಹೊಗೆ ಅಥವಾ ಬುಸುಗುಡುವ ಸದ್ದು ಬಂದರೆ ಹತ್ತಿರ ಹೋಗಬೇಡಿ, ಆ ಹೊಗೆ ವಿಷ. ದೂರದ ಮೇನ್ ಸ್ವಿಚ್ ಆಫ್ ಮಾಡಿ, ಎಲ್ಲರನ್ನೂ ಹೊರಗೆ ಕರೆಯಿರಿ, 112ಕ್ಕೆ ಫೋನ್ ಮಾಡಿ. ಲಿಥಿಯಂ ಬ್ಯಾಟರಿ ಅಂತ ಮೊದಲೇ ಹೇಳಿ. ಪೌಡರ್ ಸಿಲಿಂಡರ್ ಜ್ವಾಲೆ ಆರಿಸಬಹುದು, ಒಳಗಿನ ಶಾಖ ಇಳಿಸುವುದಿಲ್ಲ, ಮತ್ತೆ ಹೊತ್ತಿಕೊಳ್ಳುತ್ತದೆ. ತಣ್ಣಗಾಗಲು ತುಂಬಾ ನೀರು ಬೇಕು, ಅದು ಅಗ್ನಿಶಾಮಕದವರ ಕೆಲಸ.

ಮನೆ 22
ಆಂಟಿ, ನಾನು ಮನೆಗೆ ಬರುವುದೇ ರಾತ್ರಿ 10ಕ್ಕೆ. 11ಕ್ಕೆ ಆಫ್ ಆದರೆ ಅರ್ಧವೂ ಆಗುವುದಿಲ್ಲ. ಬೆಳಗಿನ ಜಾವ 5ರಿಂದ ಸಿಗುತ್ತದಾ? ನಾನೇ ಎದ್ದು ಬಂದು ಪಕ್ಕದಲ್ಲಿ ಕೂರುತ್ತೇನೆ.

ಮನೆ 31
5ಕ್ಕೆ ನಾನೂ ಎದ್ದಿರುತ್ತೇನೆ ಕಣಪ್ಪ. ಆಗಲಿ. ಆ ತಪ್ಪು ಚಾರ್ಜರ್ ಮಾತ್ರ ತರಬೇಡ.

ಮನೆ 12, ಕಾರ್ಯದರ್ಶಿ
ಸರಿಯಾದ ಚಾರ್ಜರ್ ಬರುವ ತನಕ 22ರವರ ಓಡಾಟಕ್ಕೆ ನಮ್ಮ ಹಳೆ ಪೆಟ್ರೋಲ್ ಗಾಡಿ ಇದೆ, ಸುಮ್ನೆ ನಿಂತಿದೆ. ಬಂದು ಕೀ ತೆಗೆದುಕೊಳ್ಳಿ. ಉಳಿದವರೆಲ್ಲ ಶನಿವಾರದೊಳಗೆ ಎರಡು ಫೋಟೊ ಇಲ್ಲಿ ಹಾಕಿ: ಬ್ಯಾಟರಿ ಲೇಬಲ್, ಚಾರ್ಜರ್ ಲೇಬಲ್. 7ರ ಸರ್ ನೋಡಿ ಹೇಳುತ್ತಾರೆ. ಹೊಂದಿಕೆಯಾದರೆ ಮಾತ್ರ ಪಾಯಿಂಟ್.

ಮನೆ 18
ನನ್ನದು ಈಗಲೇ ಹಾಕಿದೆ. ಬ್ಯಾಟರಿ ಮೇಲೆ 72 ವೋಲ್ಟ್, ಎನ್‌ಎಂಸಿ, 20 ಎಸ್. ಚಾರ್ಜರ್ ಮೇಲೆ ಔಟ್‌ಪುಟ್ 84 ವೋಲ್ಟ್. 84 ÷ 20 = 4.2. ಸರಿ ಇದೆ ಅಲ್ವಾ?

ಮನೆ 7
ಸರಿಯಾಗಿದೆ ಮೇಡಂ. ಎರಡರ ಮೇಲೂ ಮನೆ ನಂಬರ್ ಬರೆದು ಒಂದೇ ಬಣ್ಣದ ಟೇಪ್ ಅಂಟಿಸಿ. ಬೇರೆಯವರ ಚಾರ್ಜರ್ ತಪ್ಪಿಯೂ ಸೇರಬಾರದು.